ಡಾಕರ್‌ಗೆ ವರ್ಚುವಲೈಸೇಶನ್ ಏಕೆ ಬೇಕು, ಎಲ್ಲಿ ಆನ್ ಮಾಡಬೇಕು

ಪ್ರೋಗ್ರಾಮುಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣದಲ್ಲಿ ಓಡಿಸುವ ಸಾಧನ ಡಾಕರ್. ಕಂಟೇನರ್ ವರ್ಚುವಲ್ ಯಂತ್ರವಲ್ಲ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಸೃಷ್ಟಿಸಿದ ಇನ್ನೊಂದು ಕಂಪ್ಯೂಟರಲ್ಲ) ಎಂದು ಅದರ ಮೊದಲ ಪಾಠದಲ್ಲೇ ಓದುತ್ತೇವೆ. ಆಮೇಲೆ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ಡಾಕರ್ ಡೆಸ್ಕ್‌ಟಾಪ್ ತೆರೆದರೆ, ವರ್ಚುವಲೈಸೇಶನ್ (ವರ್ಚುವಲ್ ಯಂತ್ರ ಓಡಿಸಲು ಸಿಪಿಯು ಕೊಡುವ ಆಸರೆ) ಇಲ್ಲದೆ ಏಳುವುದಿಲ್ಲ ಎಂದು ಅದು ತಕರಾರು ತೆಗೆಯುತ್ತದೆ. ಹಾಗಾದರೆ ಪಾಠ ಸುಳ್ಳೇ?

ಸುಳ್ಳಲ್ಲ. ಕಂಟೇನರಿಗೆ ಸ್ವಂತ ಕರ್ನಲ್ (ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಇಲ್ಲ. ತಾನಿರುವ ಯಂತ್ರದ ಕರ್ನಲ್ಲನ್ನೇ ಬಳಸುತ್ತದೆ. ಒಳಗಿನ ಪ್ರೋಗ್ರಾಮಿಗೆ ಏನೇನು ಕಾಣಬೇಕೆಂಬುದನ್ನು ನೇಮ್‌ಸ್ಪೇಸ್ ನಿರ್ಧರಿಸುತ್ತದೆ, ಎಷ್ಟು ಮೆಮೊರಿ, ಎಷ್ಟು ಸಿಪಿಯು ಸಿಗಬೇಕೆಂಬುದನ್ನು ಸಿಗ್ರೂಪ್ ನೋಡಿಕೊಳ್ಳುತ್ತದೆ. ಎರಡೂ ಲಿನಕ್ಸ್ ಕರ್ನಲ್ಲಿನ ಸೌಲಭ್ಯಗಳು. ವಿಂಡೋಸಿನಲ್ಲಿ ಆ ಕರ್ನಲ್ ಎಲ್ಲಿಂದ ಬರಬೇಕು? ವಿಂಡೋಸಿನೊಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಎಂಬ ಸೌಲಭ್ಯ ಅದನ್ನು ಒಂದು ಹಗುರವಾದ ವರ್ಚುವಲ್ ಯಂತ್ರದೊಳಗೆ ಓಡಿಸುತ್ತದೆ. ಸಿಪಿಯುವಿನ ಆಸರೆ ಬೇಕಾಗಿರುವುದು ಈ ಯಂತ್ರಕ್ಕೆ, ಕಂಟೇನರಿಗಲ್ಲ. ಲಿನಕ್ಸಿನಲ್ಲೇ ಡಾಕರ್ ಎಂಜಿನ್ ಓಡಿಸುವವರು ಇಲ್ಲಿಗೇ ಓದು ನಿಲ್ಲಿಸಬಹುದು.

ಈ ಆಸರೆಯ ಸ್ವಿಚ್ ಇರುವುದು ಬಯಾಸ್‌ನಲ್ಲಿ, ಅಂದರೆ ವಿಂಡೋಸಿಗೂ ಮೊದಲು ಏಳುವ ಯಂತ್ರದ ಮೂಲ ಸೆಟ್ಟಿಂಗ್ಸ್‌ನಲ್ಲಿ. ಅಲ್ಲಿಗೆ ನುಗ್ಗುವ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ವಿಭಾಗದಲ್ಲಿ ಸಿಪಿಯು ಒತ್ತಿ. ಗ್ರಾಫಿನ ಕೆಳಗೆ ಲಾಜಿಕಲ್ ಪ್ರೊಸೆಸರ್‌ಗಳ ಸಂಖ್ಯೆಗೂ ಕ್ಯಾಶ್ ಗಾತ್ರಕ್ಕೂ ನಡುವೆ ವರ್ಚುವಲೈಸೇಶನ್ ಎಂಬ ಸಾಲಿದೆ. ಅದರ ಮುಂದೆ ಎನೇಬಲ್ಡ್ ಎಂದಿದ್ದರೆ ಬಯಾಸ್ ತಂಟೆ ಬೇಡ. ದೋಷ ವಿಂಡೋಸಿನ ಕಡೆಯದು.

ಡಿಸೇಬಲ್ಡ್ ಎಂದಿದ್ದರೆ ಒಳಗೆ ಹೋಗಲೇಬೇಕು. ಎಫ್2, ಡಿಲೀಟ್, ಎಫ್10 ಹೀಗೆ ಕಂಪನಿಗೊಂದು ಕೀಲಿ. ಸಮಯಕ್ಕೆ ಸರಿಯಾಗಿ ಒತ್ತುವ ಸರ್ಕಸ್ಸಿಗಿಂತ ಸೆಟ್ಟಿಂಗ್ಸ್‌ನ ರಿಕವರಿ ಪುಟದಲ್ಲಿರುವ ಅಡ್ವಾನ್ಸ್‌ಡ್ ಸ್ಟಾರ್ಟಪ್ ದಾರಿಯೇ ಮೇಲು: ಅಲ್ಲಿಂದ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಯುಇಎಫ್‌ಐ (ಬಯಾಸ್‌ನ ಹೊಸ ರೂಪ) ಫರ್ಮ್‌ವೇರ್ ಸೆಟ್ಟಿಂಗ್ಸ್. ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಎನ್‌ಕ್ರಿಪ್ಶನ್ ಬೀಗ) ಇದ್ದರೆ ರಿಕವರಿ ಕೀಯನ್ನು ಮೊದಲೇ ಬೇರೆಡೆ ಬರೆದಿಟ್ಟುಕೊಳ್ಳಿ. ಬಯಾಸ್ ಬದಲಾದ ಮೇಲೆ ವಿಂಡೋಸ್ ಅದನ್ನು ಕೇಳಬಹುದು.

ತಲೆ ಕೆಡಿಸುವುದು ಹೆಸರುಗಳು. ಇಂಟೆಲ್ ಈ ಸೌಲಭ್ಯವನ್ನು 2005ರಲ್ಲೂ ಎಎಂಡಿ 2006ರಲ್ಲೂ ತಂದವು, ಆದರೆ ಒಂದೇ ಹೆಸರಿಗೆ ಒಪ್ಪಲಿಲ್ಲ. ಇಂಟೆಲ್ ಯಂತ್ರದಲ್ಲಿ ವಿಟಿ-ಎಕ್ಸ್ ಅಥವಾ ವರ್ಚುವಲೈಸೇಶನ್ ಟೆಕ್ನಾಲಜಿ ಎಂದು ಹುಡುಕಬೇಕು. ಎಎಂಡಿಯಲ್ಲಿ ಎಸ್‌ವಿಎಂ ಮೋಡ್. ಪಕ್ಕದಲ್ಲೇ ಕಾಣುವ ವಿಟಿ-ಡಿ ಬೇರೆ ಸಂಗತಿ: ಗ್ರಾಫಿಕ್ಸ್ ಕಾರ್ಡಿನಂತಹ ಸಾಧನಗಳನ್ನು ವರ್ಚುವಲ್ ಯಂತ್ರಕ್ಕೆ ನೇರವಾಗಿ ಒಪ್ಪಿಸಲು ಇರುವಂಥದ್ದು. ಅದೊಂದನ್ನೇ ಆನ್ ಮಾಡಿದರೆ ಡಾಕರ್ ಏಳುವುದಿಲ್ಲ. ಬದಲಾವಣೆಯನ್ನು ಸೇವ್ ಮಾಡಿಯೇ ಹೊರಬನ್ನಿ.

ಇನ್ನು ವಿಂಡೋಸಿನ ಕಡೆ. ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ವರ್ಚುವಲ್ ಮೆಷಿನ್ ಪ್ಲಾಟ್‌ಫಾರ್ಮ್‌ಗೆ ಟಿಕ್ ಹಾಕಿ ರೀಸ್ಟಾರ್ಟ್ ಮಾಡಿ. ವರ್ಚುವಲ್ ಯಂತ್ರ ಓಡಿಸುವ ವಿಂಡೋಸಿನ ಹೈಪರ್-ವಿ ಕಾಣಿಸುತ್ತಿಲ್ಲವೆಂದು ಹೋಮ್ ಆವೃತ್ತಿಯವರು ಗಾಬರಿಯಾಗಿ ಪ್ರೊ ಕೊಳ್ಳಲು ಹೊರಡಬೇಕಿಲ್ಲ. ಡಬ್ಲ್ಯುಎಸ್‌ಎಲ್ 2 ಹೋಮ್‌ನಲ್ಲೂ ಓಡುತ್ತದೆ, ಡಾಕರ್‌ಗೆ ಅಷ್ಟು ಸಾಕು.