ಕೆಫೀನ್ ಮಾಲಿನ್ಯ: ಹೊಳೆಯ ಜೀವಿಗಳಿಗೆ ಇದರಿಂದ ಏನಾಗುತ್ತದೆ?

ಕಾಫಿ, ಟೀ, ಕೋಲಾ, ಎನರ್ಜಿ ಡ್ರಿಂಕ್, ಕೆಲವು ತಲೆನೋವಿನ ಮಾತ್ರೆ, ಇವುಗಳಲ್ಲಿರುವ ಕೆಫೀನ್ ಕೊಳಚೆ ನೀರಿನ ಜೊತೆ ಹೊಳೆ, ಕೆರೆ ಸೇರುವುದಕ್ಕೆ ಕೆಫೀನ್ ಮಾಲಿನ್ಯ ಎನ್ನುತ್ತಾರೆ.

ನಾವು ಕುಡಿದ ಕೆಫೀನ್‌ನಲ್ಲಿ ಬಹುಪಾಲನ್ನು ಲಿವರ್ ಒಡೆದು ಹಾಕುತ್ತದೆ. ನೂರರಲ್ಲಿ ಒಂದೆರಡು ಪಾಲು ಮಾತ್ರ ಹಾಗೇ ಮೂತ್ರದಲ್ಲಿ ಹೋಗುತ್ತದೆ. ಇಷ್ಟೇನಾ ಅನ್ನಿಸಬಹುದು. ಆದರೆ ಇಡೀ ಊರಿನವರದ್ದು ಸೇರಿಸಿ, ಮೇಲೆ ಸಿಂಕ್‌ಗೆ ಚೆಲ್ಲಿದ ಕಾಫಿ, ಲೋಟ ತೊಳೆದ ನೀರು ಎಲ್ಲವನ್ನೂ ಸೇರಿಸಿ, ಅದೂ ದಿನಾ! ಒಳ್ಳೆಯ ಸಂಸ್ಕರಣಾ ಘಟಕ ಇದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳೇ ಬಹುಪಾಲು ಕೆಫೀನ್ ತಿಂದು ಮುಗಿಸುತ್ತವೆ. ಕೊಳಚೆ ನೇರವಾಗಿ ಹೊಳೆಗೆ ಬೀಳುವ ಕಡೆ ಆ ತಡೆಯೇ ಇಲ್ಲ. ಹಾಗಾಗಿಯೇ ನೀರಲ್ಲಿ ಕೆಫೀನ್ ಸಿಕ್ಕರೆ ಮನುಷ್ಯರ ಕೊಳಚೆ ಸೇರಿದೆ ಎಂದು ವಿಜ್ಞಾನಿಗಳು ಗುರುತಿಸುತ್ತಾರೆ. 2022ರಲ್ಲಿ ಪ್ರಕಟವಾದ ಅಧ್ಯಯನವೊಂದು 104 ದೇಶಗಳ 258 ನದಿಗಳ ನೀರು ಪರೀಕ್ಷಿಸಿತ್ತು. ಅರ್ಧಕ್ಕಿಂತ ಜಾಸ್ತಿ ಜಾಗಗಳಲ್ಲಿ ಕೆಫೀನ್ ಸಿಕ್ಕಿತು.

ಹೊಳೆಗೆ ಬಿದ್ದ ಕೆಫೀನ್ ಒಡೆದು ಹೋಗುತ್ತದೆ, ನಿಜ. ಆದರೆ ಹೋದಷ್ಟೂ ಹೊಸದು ಬರುತ್ತಲೇ ಇರುತ್ತದೆ, ಹಾಗಾಗಿ ಅಲ್ಲಿರುವ ಜೀವಿಗೆ ಅದು ಯಾವಾಗಲೂ ಇದ್ದಂತೆಯೇ ಲೆಕ್ಕ.

ಕೆಫೀನ್ ಎನ್ನುವುದು ಕೆಲವು ಗಿಡಗಳು ಹುಳುಗಳಿಂದ ಪಾರಾಗಲು ತಯಾರಿಸುವ ರಾಸಾಯನಿಕ. ನಮ್ಮ ಮೆದುಳಿನಲ್ಲಿ ನಿದ್ದೆ ಬರಿಸುವ ಅಡೆನೋಸಿನ್ ಎಂಬ ರಾಸಾಯನಿಕ ಕೂರುವ ಜಾಗದಲ್ಲಿ ತಾನು ಕೂತು ನಿದ್ದೆ ಓಡಿಸುತ್ತದೆ. ಮೀನಿನಲ್ಲೂ ಅಂಥದೇ ಜಾಗಗಳಿವೆ. ಜೀಬ್ರಾಫಿಶ್ ಮರಿಗಳಿಗೆ ಲ್ಯಾಬ್‌ನಲ್ಲಿ ಕೆಫೀನ್ ಕೊಟ್ಟಾಗ ಎದೆಬಡಿತ, ಈಜು, ಬೆದರುವ ರೀತಿ ಎಲ್ಲವೂ ಬದಲಾಗುತ್ತವೆ. ನೀರುಚಿಗಟ ಎನ್ನುವ ಪುಟ್ಟ ನೀರಿನ ಜೀವಿ ಡ್ಯಾಫ್ನಿಯಾದ ಮೈ ಗಾಜಿನ ಹಾಗೆ ಪಾರದರ್ಶಕ. ಮೈಕ್ರೋಸ್ಕೋಪ್ ಕೆಳಗೆ ಅದರ ಪುಟ್ಟ ಹೃದಯ ಪಟಪಟ ಬಡಿಯುವುದು ಕಾಣುತ್ತದೆ, ಕೆಫೀನ್ ಹಾಕಿದರೆ ಆ ಬಡಿತದ ವೇಗ ಬದಲಾಗುವುದನ್ನು ಕಣ್ಣಲ್ಲೇ ಎಣಿಸಬಹುದು.

ಒಂದು ಮಾತು ಸ್ಪಷ್ಟವಾಗಿರಲಿ. ಇವುಗಳನ್ನು ಕೊಲ್ಲಲು ಲೀಟರ್‌ಗೆ ಎಷ್ಟೋ ಮಿಲಿಗ್ರಾಂ ಕೆಫೀನ್ ಬೇಕು. ಹೊಳೆಯಲ್ಲಿ ಸಾಮಾನ್ಯವಾಗಿ ಸಿಗುವುದು ಅದರ ಸಾವಿರದ ಒಂದು ಪಾಲಿಗಿಂತಲೂ ತುಂಬಾ ಕಡಿಮೆ. ಅಂದರೆ ಮೀನು ಸತ್ತು ತೇಲುವುದಿಲ್ಲ. ಹಾಗಂತ ಸುಮ್ನೆ ಬಿಡುವಂಥದ್ದೂ ಅಲ್ಲ, ಯಾಕೆಂದರೆ ಸಿಹಿನೀರಿನ ಚಿಪ್ಪುಜೀವಿಗಳ ಜೀವಕೋಶಗಳಲ್ಲಿ ಕಡಿಮೆ ಪ್ರಮಾಣಕ್ಕೇ ಒತ್ತಡದ ಗುರುತು ಕಂಡಿದೆ.

ನನ್ನನ್ನು ಜಾಸ್ತಿ ಕಾಡುವುದು ಕಲ್ಲಿನ ಮೇಲಿನ ಲೋಳೆ. ಹೊಳೆಯಲ್ಲಿ ಕಾಲಿಟ್ಟರೆ ಜಾರುತ್ತದಲ್ವಾ, ಅದೇ. ಪಾಚಿ, ಬ್ಯಾಕ್ಟೀರಿಯಾ, ಶಿಲೀಂಧ್ರ ಸೇರಿ ಆದ ಆ ಪದರವನ್ನು ಹುಳು, ಬಸವನಹುಳು ಮೇಯುತ್ತವೆ, ಅವನ್ನು ಮೀನು ತಿನ್ನುತ್ತದೆ. 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ತೊರೆಗಳಲ್ಲಿ ಕೆಫೀನ್ ಬೆರೆಸಿದ ಅಗರ್ ಎಂಬ ಜೆಲ್ಲಿ ತುಂಬಿದ ಪುಟ್ಟ ಕಪ್‌ಗಳನ್ನು ಇಟ್ಟಿದ್ದರು. ಅದರ ಮೇಲೆ ಬೆಳೆದ ಲೋಳೆಯ ಉಸಿರಾಟ ಸುಮಾರು ಅರ್ಧಕ್ಕೆ ಇಳಿಯಿತು.

ಇನ್ನೊಂದು ವಿಷಯ. ಲ್ಯಾಬ್‌ನ ಎಷ್ಟೋ ಪರೀಕ್ಷೆಗಳು ಎರಡು ಮೂರು ದಿನದವು, ಒಂದೇ ರಾಸಾಯನಿಕದವು. ಹೊಳೆಯ ಮೀನಿಗೆ ಮೊಟ್ಟೆಯಿಂದ ಹಿಡಿದು ಸಾಯುವವರೆಗೂ ಅದೇ ನೀರು, ಅದರಲ್ಲಿ ಕೆಫೀನ್ ಜೊತೆಗೆ ಸಕ್ಕರೆ ಕಾಯಿಲೆ ಮಾತ್ರೆ, ಫಿಟ್ಸ್ ಮಾತ್ರೆ, ಆಂಟಿಬಯಾಟಿಕ್ ಎಲ್ಲವೂ.