ಪದ ಪರಿಚಯ: ಪ್ಯಾಕ್-ಇಯರ್

ಒಬ್ಬರು ಈವರೆಗೆ ಒಟ್ಟು ಎಷ್ಟು ಸಿಗರೇಟು ಸೇದಿದ್ದಾರೆ ಎಂಬುದನ್ನು ಒಂದೇ ಸಂಖ್ಯೆಯಲ್ಲಿ ಹೇಳಲು ವೈದ್ಯರು ಬಳಸುವ ಅಳತೆಯೇ ಪ್ಯಾಕ್-ಇಯರ್. ದಿನಕ್ಕೆ ಸೇದುವ ಸಿಗರೇಟುಗಳನ್ನು 20ರಿಂದ ಭಾಗಿಸಿ, ಸೇದಿದ ವರ್ಷಗಳಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ದಿನಕ್ಕೆ 10ರಂತೆ 30 ವರ್ಷ ಸೇದಿದವರದು 15 ಪ್ಯಾಕ್-ಇಯರ್. ಇಲ್ಲಿ ಪ್ಯಾಕ್ ಎಂದರೆ 20 ಸಿಗರೇಟಿನದು. ನಮ್ಮ ಅಂಗಡಿಗಳಲ್ಲಿ 10ರ ಪ್ಯಾಕೂ ಬಿಡಿ ಸಿಗರೇಟೂ ಮಾರಾಟವಾಗುವುದರಿಂದ, 'ದಿನಕ್ಕೊಂದು ಪ್ಯಾಕ್' ಎಂಬ ಉತ್ತರವನ್ನು ವಿಚಾರಿಸದೆ ಬರೆದುಕೊಂಡರೆ ಲೆಕ್ಕ ಇಮ್ಮಡಿಯಾಗಿಬಿಡಬಹುದು. ಬೀಡಿ ಸೇದುವವರಿಗಂತೂ ಈ ಅಳತೆ ಸರಿಯಾಗಿ ಹೊಂದುವುದಿಲ್ಲ.

ಅಮೆರಿಕದ ತಜ್ಞರ ಸಮಿತಿಯೊಂದು 2021ರಲ್ಲಿ, 50ರಿಂದ 80 ವಯಸ್ಸಿನ, ಕನಿಷ್ಠ 20 ಪ್ಯಾಕ್-ಇಯರ್ ಇರುವ, ಈಗಲೂ ಸೇದುತ್ತಿರುವ ಅಥವಾ ಬಿಟ್ಟು 15 ವರ್ಷ ದಾಟದಿರುವವರಿಗೆ ಪ್ರತಿವರ್ಷ ಶ್ವಾಸಕೋಶದ ಸಿ.ಟಿ. ತಪಾಸಣೆಯನ್ನು ಶಿಫಾರಸು ಮಾಡಿತು. ಬಿಟ್ಟ ಕಾಲವನ್ನು ಅಲ್ಲಿ ಬೇರೆಯಾಗಿಯೇ ಕೇಳಬೇಕಾಯಿತು, ಏಕೆಂದರೆ ಪ್ಯಾಕ್-ಇಯರ್‌ನಲ್ಲಿ ಅದಕ್ಕೆ ಜಾಗವಿಲ್ಲ: ಧೂಮಪಾನ ಬಿಟ್ಟ ದಿನ ಈ ಸಂಖ್ಯೆ ಏರುವುದು ನಿಲ್ಲುತ್ತದೆಯೇ ಹೊರತು ಮುಂದೆಂದೂ ಇಳಿಯುವುದಿಲ್ಲ.

ಇದನ್ನೇ ನೋಡಿ 'ಇನ್ನು ಬಿಟ್ಟು ಏನು ಪ್ರಯೋಜನ' ಎಂದು ಕೈಚೆಲ್ಲುವವರಿದ್ದಾರೆ. ಅದು ಪೂರ್ತಿ ತಪ್ಪು ತಿಳಿವಳಿಕೆ. ಸಂಖ್ಯೆ ನಿಂತಲ್ಲೇ ನಿಂತಿದ್ದರೂ ದೇಹ ನಿಂತಿರುವುದಿಲ್ಲ. ರಕ್ತದಲ್ಲಿ ಸೇರಿಕೊಂಡ ಕಾರ್ಬನ್ ಮೊನಾಕ್ಸೈಡ್ ಒಂದೆರಡು ದಿನಗಳೊಳಗೆ ಸಹಜ ಮಟ್ಟಕ್ಕೆ ಇಳಿಯುತ್ತದೆ, ಹೃದಯಾಘಾತದ ಅಪಾಯ ಮೊದಲ ಒಂದೆರಡು ವರ್ಷಗಳಲ್ಲೇ ಗಣನೀಯವಾಗಿ ತಗ್ಗುತ್ತದೆ, ಶ್ವಾಸಕೋಶದ ಕ್ಯಾನ್ಸರ್‌ನ ಅಪಾಯ 10ರಿಂದ 15 ವರ್ಷಗಳಲ್ಲಿ, ಸೇದುತ್ತಲೇ ಇರುವವರಿಗೆ ಹೋಲಿಸಿದರೆ, ಸುಮಾರು ಅರ್ಧಕ್ಕೆ ಬರುತ್ತದೆ. ಶ್ವಾಸಕೋಶ ಈಗಾಗಲೇ ಕಳೆದುಕೊಂಡ ಸಾಮರ್ಥ್ಯ ಬಹುಮಟ್ಟಿಗೆ ಮರಳದು ಎಂಬುದು ನಿಜ. ಆದರೆ ಮುಂದಿನ ಕುಸಿತದ ವೇಗ, ಎಂದೂ ಸೇದದವರಲ್ಲಿ ವಯಸ್ಸಿನೊಂದಿಗೆ ಆಗುವ ಕುಸಿತದ ಹತ್ತಿರಕ್ಕೆ ಬರುತ್ತದೆ, ಮತ್ತು ದಮ್ಮು ಕಟ್ಟುವ ರೋಗಿಗೆ ಮೆಟ್ಟಿಲು ಹತ್ತುವ ಶಕ್ತಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಬಹಳಷ್ಟು ಈ ವೇಗವನ್ನೇ ಅವಲಂಬಿಸಿದೆ.

ಬ್ರಿಟನ್ನಿನ ಪುರುಷ ವೈದ್ಯರನ್ನು 1951ರಿಂದ 50 ವರ್ಷ ಅನುಸರಿಸಿ ರಿಚರ್ಡ್ ಡಾಲ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 30ರ ವಯಸ್ಸಿನಲ್ಲಿ ಬಿಟ್ಟವರಿಗೆ ಸುಮಾರು 10, 40ರಲ್ಲಿ 9, 50ರಲ್ಲಿ 6 ವರ್ಷಗಳ ಆಯುಸ್ಸು, ಸೇದುತ್ತಲೇ ಇದ್ದವರಿಗಿಂತ ಹೆಚ್ಚಾಗಿ ಸಿಕ್ಕಿತು. 60ರಲ್ಲಿ ಬಿಟ್ಟವರ ಪ್ಯಾಕ್-ಇಯರ್ ಲೆಕ್ಕ ಅಷ್ಟು ಹೊತ್ತಿಗೆ ಸಾಕಷ್ಟು ಬೆಳೆದಿರುತ್ತದೆ. ಅವರಿಗೂ ಸುಮಾರು 3 ವರ್ಷಗಳು ದಕ್ಕಿದವು.