ಅಂತಿಗೊನೆ ಓದಿಸುವಾಗ ಕ್ರೆಯಾನ್‌ನಿಂದ ಶುರು ಮಾಡಿ

ಮಡಿಕೇರಿ, ವಿರಾಜಪೇಟೆ ಕಡೆಯ ಪಿಯು ಮಕ್ಕಳಿಗೆ ಸಾಹಿತ್ಯ ಹೇಳಿಕೊಡುವುದು ನನ್ನ ಕೆಲಸ. ಗ್ರೀಕ್ ರುದ್ರನಾಟಕ ಎಂದ ಕೂಡಲೇ ಹೆಚ್ಚಿನವರು ಗೈಡ್ ತೆಗೆಯುತ್ತಾರೆ. ಗೈಡಿನ ಮೊದಲ ಪುಟದಲ್ಲೇ ರುದ್ರನಾಟಕದ ಬಗ್ಗೆ ಬರೆದ ತತ್ವಜ್ಞಾನಿ ಅರಿಸ್ಟಾಟಲ್ ಕೂತಿರುತ್ತಾನೆ. ನಾಯಕನ ದೋಷ, ಪತನ, ಭಯ, ಕರುಣೆ, ಎಲ್ಲ ಒಂದರ ಕೆಳಗೊಂದು. ಬಾಯಿಪಾಠ ಮಾಡಿದರೆ ಅಂಕ ಬರಬಹುದು, ನಾಟಕ ಮಾತ್ರ ತಲೆಗೆ ಹತ್ತುವುದಿಲ್ಲ. ಅಂತಿಗೊನೆ ನಾಟಕ ಬರೆದ ಸೊಫೊಕ್ಲಿಸ್ ತೀರಿಕೊಂಡಿದ್ದು ಕ್ರಿ.ಪೂ. 406ರ ಹೊತ್ತಿಗೆ, ಅರಿಸ್ಟಾಟಲ್ ಹುಟ್ಟಿದ್ದು 384ರಲ್ಲಿ. ನಾಟಕ ಬರೆದವನ ಎದುರು ಈ ಸೂತ್ರಗಳು ಇರಲೇ ಇಲ್ಲ. ಇದ್ದದ್ದು ಮೂವರು ನಟರು, ಒಂದು ಮೇಳ, ಬೆಟ್ಟದ ಇಳಿಜಾರಿನಲ್ಲಿ ಕೂತ ಅಥೆನ್ಸಿನ ಜನ. ಹಾಗಾಗಿ ಅರಿಸ್ಟಾಟಲ್‌ನನ್ನು ಕೊನೆಗೆ ಇಟ್ಟುಕೊಳ್ಳಿ.

ಅಂತಿಗೊನೆಯ ಕಥೆ ಹೇಳುವುದು ಸುಲಭ. ಅಣ್ಣತಮ್ಮಂದಿರಿಬ್ಬರು ಥೀಬ್ಸ್ ಪಟ್ಟಕ್ಕಾಗಿ ಕಾದಾಡಿ ಒಬ್ಬರನ್ನೊಬ್ಬರು ಕೊಂದಿದ್ದಾರೆ. ಹೊಸದಾಗಿ ಅಧಿಕಾರಕ್ಕೆ ಬಂದ ಕ್ರೆಯಾನ್, ಊರನ್ನು ಕಾಯಲು ಹೋರಾಡಿದವನಿಗೆ ಗೌರವದ ಸಂಸ್ಕಾರ ಮಾಡಿಸುತ್ತಾನೆ. ಹೊರಗಿನ ಸೈನ್ಯ ತಂದ ಪಾಲಿನಿಕೆಸ್‌ನ ಹೆಣ ನಾಯಿ, ಹದ್ದುಗಳಿಗೆ ಬಿದ್ದಿರಲಿ, ಮಣ್ಣು ಮಾಡಿದವರಿಗೆ ಸಾವು ಎಂದು ಸಾರುತ್ತಾನೆ. ತಂಗಿ ಅಂತಿಗೊನೆ ಹೋಗಿ ಮಣ್ಣು ಹಾಕುತ್ತಾಳೆ.

ನಮ್ಮ ಮಕ್ಕಳಿಗೆ ಇದರಲ್ಲಿ ಬಿಡಿಸಿ ಹೇಳಬೇಕಾದದ್ದು ಕಡಿಮೆ. ಕೊಡವರ ಮನೆಯಲ್ಲಿ ಸಾವಾದರೆ ಬೆನ್ನುಬೆನ್ನಿಗೆ ಎರಡು ಗುಂಡು ಹಾರುತ್ತದೆ, ಕೇಳಿಸಿಕೊಂಡವರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡುತ್ತಾರೆ. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದಾಗ, ಆ ಮಳೆಯಲ್ಲೂ ಮಣ್ಣಿನಡಿ ಸಿಕ್ಕವರಿಗಾಗಿ ದಿನಗಟ್ಟಲೆ ಹುಡುಕಿದ್ದನ್ನು ಮನೆಯವರ ಜೊತೆ ಕೂತು ಟಿವಿಯಲ್ಲಿ ನೋಡಿದ ಮಕ್ಕಳು ಇವರು. ದೇಹ ಸಿಗಬೇಕು, ಮಾಡಬೇಕಾದ್ದು ಮಾಡಬೇಕು. ಇದನ್ನು ಯಾರೂ ಅವರಿಗೆ ಕಲಿಸಬೇಕಾಗಿಲ್ಲ. ಇನ್ನು ಕ್ರೆಯಾನ್ ಈ ಹುಡುಗಿಗೆ ಸೋದರಮಾವ, ಅವನ ಮಗ ಹೇಮನ್‌ಗೇ ಇವಳನ್ನು ಕೊಡುವುದೆಂದು ನಿಶ್ಚಯವಾಗಿದೆ ಎಂದರೆ ಆ ಸಂಬಂಧದ ತೂಕ ತಟ್ಟನೆ ಗೊತ್ತಾಗುತ್ತದೆ.

ತೊಂದರೆ ಶುರುವಾಗುವುದೂ ಇಲ್ಲೇ. ಮೊದಲ ಪುಟ ಮುಗಿಯುವ ಮೊದಲೇ ಇಡೀ ಕ್ಲಾಸು ಅಂತಿಗೊನೆಯ ಕಡೆ ಹೋಗಿಬಿಡುತ್ತದೆ. ಕ್ರೆಯಾನ್ ಕೆಟ್ಟವನು, ಅಹಂಕಾರಿ, ಅನುಭವಿಸಿದ, ಅಷ್ಟೇ. ಒಳ್ಳೆಯವಳಿಗೂ ದುಷ್ಟನಿಗೂ ಜಗಳವಾದರೆ ಅದು ರುದ್ರನಾಟಕ ಆಗುವುದಿಲ್ಲ. ಅದಕ್ಕೇ ಮೊದಲು ಕ್ರೆಯಾನ್‌ನ ವಕಾಲತ್ತು ವಹಿಸಲು ಹೇಳುತ್ತೇನೆ. ಅವನು ಮೇಳದಲ್ಲಿರುವ ಊರ ಹಿರಿಯರ ಮುಂದೆ ಮಾಡುವ ಮೊದಲ ಭಾಷಣವನ್ನು ಎದ್ದು ನಿಂತು ಜೋರಾಗಿ ಓದಬೇಕು. ಆಮೇಲೆ ಅವನ ಪರ ವಾದ ಮಾಡಬೇಕು. ನಿನ್ನೆ ರಾತ್ರಿಯಷ್ಟೇ ಊರು ಉಳಿದಿದೆ. ಊರಿಗೆ ಬೆಂಕಿ ಇಡಲು ಬಂದವನಿಗೂ ಊರಿಗಾಗಿ ಸತ್ತವನಿಗೂ ಒಂದೇ ಮರ್ಯಾದೆಯಾ? ನನ್ನ ಸೊಸೆ ಅಂತ ಅವಳನ್ನು ಬಿಟ್ಟರೆ ನಾಳೆ ಬೇರೆಯವರಿಗೆ ಯಾವ ಮುಖ ಇಟ್ಟುಕೊಂಡು ಕಾನೂನು ಹೇಳಲಿ? ಅಥೆನ್ಸಿನಲ್ಲೂ ದ್ರೋಹಿಗಳನ್ನು ಆ ನಾಡಿನ ಮಣ್ಣಿನಲ್ಲಿ ಹೂಳುವಂತಿರಲಿಲ್ಲ, ಗಡಿಯ ಹೊರಗೆ ಒಯ್ಯಬಹುದಿತ್ತು. ಅಂದರೆ ಕ್ರೆಯಾನ್ ಹಿಡಿದ ಎಳೆ ಅಲ್ಲಿ ಕೂತವರಿಗೆ ಪೂರ್ತಿ ಹೊಸದಲ್ಲ, ಅವನು ಅದನ್ನು ಎಲ್ಲಿಯವರೆಗೆ ಎಳೆದ ಅನ್ನುವುದು ಪ್ರಶ್ನೆ.

ಒಬ್ಬ ಹುಡುಗಿ, ಹದಿನೇಳು ವಯಸ್ಸು, ಮೊದಲು ಒಪ್ಪಲೇ ಇಲ್ಲ. "ಸರ್, ಅವನ ಪರ ಹೇಗೆ ಮಾತಾಡೋದು?" ಅಂದಳು. ಹೇಮನ್ ಬರುವ ದೃಶ್ಯದವರೆಗೆ ತಾಳು ಅಂದೆ. ಆ ದೃಶ್ಯಕ್ಕೆ ಜಾಸ್ತಿ ಸಮಯ ಕೊಡಿ, ಯಾಕೆಂದರೆ ಅಪ್ಪನ ಹತ್ತಿರ ಸೋತು ಕೋಣೆಯ ಬಾಗಿಲು ಹಾಕಿಕೊಂಡ ಅನುಭವ ಈ ವಯಸ್ಸಿನ ಎಲ್ಲರಿಗೂ ಇರುತ್ತದೆ. ಹೇಮನ್ ಜಗಳಕ್ಕೆ ಬಂದವನಲ್ಲ. ಅಪ್ಪಾ, ನಾನು ನಿಮ್ಮವನು ಎಂದೇ ಶುರು ಮಾಡುತ್ತಾನೆ. ಊರಿನವರು ನಿಮ್ಮೆದುರು ಆಡದ ಮಾತು ನನ್ನ ಕಿವಿಗೆ ಬೀಳುತ್ತದೆ ಅನ್ನುತ್ತಾನೆ. ಪ್ರವಾಹ ಬಂದಾಗ ಬಾಗಿದ ಮರ ಉಳಿಯುತ್ತದೆ, ಸೆಟೆದು ನಿಂತದ್ದು ಬೇರು ಸಮೇತ ಹೋಗುತ್ತದೆ ಎಂದೂ ಹೇಳುತ್ತಾನೆ. ಜುಲೈ ತಿಂಗಳ ಹೊಳೆ ನೋಡಿದ ಮಕ್ಕಳಿಗೆ ಈ ಸಾಲಿಗೆ ಟಿಪ್ಪಣಿ ಬೇಡ. ಕ್ರೆಯಾನ್‌ಗೆ ಕೇಳಿಸುವುದು ಒಂದೇ: ಈ ವಯಸ್ಸಿನಲ್ಲಿ ನಾನು ಇವನಿಂದ ಕಲಿಯಬೇಕಾ? ಮಾತು ಏರುತ್ತದೆ. ಊರು ಆಳುವವನದ್ದೇ ಅಲ್ವಾ ಎಂದು ಅವನು ಕೇಳುವ ಹೊತ್ತಿಗೆ, ಊರಿಗಾಗಿ ಮಾತಾಡುತ್ತಿದ್ದ ಮೊದಲಿನ ಕ್ರೆಯಾನ್ ಉಳಿದಿಲ್ಲ. ಆ ಹುಡುಗಿ ಪೆನ್ಸಿಲ್ ತೆಗೆದು ಆ ಸಾಲಿನ ಪಕ್ಕ ಗೀಟು ಹಾಕಿದಳು. ಇಲ್ಲಿವರೆಗೆ ಅವನ ಜೊತೆ ಇದ್ದೆ ಸರ್, ಇನ್ನು ಆಗಲ್ಲ ಅಂದಳು. ನನಗೆ ಬೇಕಾದದ್ದು ಅದೇ. ಅವಳು ಅವನ ಜೊತೆ ಅಷ್ಟು ದೂರ ನಡೆದಿದ್ದಳು.

ಅಂತಿಗೊನೆಯನ್ನೂ ದೇವತೆ ಮಾಡಬೇಡಿ. ಅಕ್ಕತಂಗಿಯರ ಮಾತನ್ನು ಗಮನವಿಟ್ಟು ಓದಿಸಿ. ಮೊದಲು ಹೆದರಿ ಹಿಂದೆ ಸರಿದ ಇಸ್ಮೆನೆ ಆಮೇಲೆ ಬಂದು ನಾನೂ ನಿನ್ನ ಜೊತೆ ಸಾಯುತ್ತೇನೆ ಅಂದರೆ, ಬರೀ ಮಾತಿನ ಪ್ರೀತಿ ನನಗೆ ಬೇಡ ಎಂದು ಅಂತಿಗೊನೆ ತಳ್ಳಿಬಿಡುತ್ತಾಳೆ. ಅದು ಇಸ್ಮೆನೆಯ ಜೀವ ಉಳಿಸಲಿಕ್ಕಾ, ಸಿಟ್ಟಿಗಾ? ಉತ್ತರ ನೀವು ಕೊಡಬೇಡಿ, ಮಕ್ಕಳು ಜಗಳವಾಡಲಿ.

ಇನ್ನೊಂದು ಜಾಗವಿದೆ, ಎಷ್ಟೋ ಜನ ದಾಟಿ ಹೋಗುತ್ತಾರೆ. ಕುರುಡ ಕಾಲಜ್ಞಾನಿ ಟೈರೀಸಿಯಸ್ ಎಚ್ಚರಿಸಿ ಹೋದ ಮೇಲೆ ಕ್ರೆಯಾನ್‌ನ ಧೈರ್ಯ ಕುಸಿಯುತ್ತದೆ, ಏನು ಮಾಡಲಿ ಎಂದು ಹಿರಿಯರನ್ನೇ ಕೇಳುತ್ತಾನೆ. ಅವರು ಹೇಳುವ ಕ್ರಮ ನೋಡಿ: ಹೋಗಿ, ಜೀವಂತ ಮುಚ್ಚಿಸಿದ ಹುಡುಗಿಯನ್ನು ಗವಿಯಿಂದ ಬಿಡಿಸು, ಸತ್ತವನಿಗೆ ಗೋರಿ ಕಟ್ಟು. ಆಮೇಲೆ ದೂತ ಬಂದು ನಡೆದದ್ದನ್ನು ಹೇಳುವಾಗ ಆ ಕ್ರಮ ತಿರುಗಿರುತ್ತದೆ. ಅವರು ಮೊದಲು ಹೆಣದ ಹತ್ತಿರ ಹೋದರು. ಉಳಿದದ್ದನ್ನು ತೊಳೆದರು, ಹಸಿ ಕೊಂಬೆ ಒಟ್ಟಿ ಸುಟ್ಟರು, ಮೇಲೆ ಮಣ್ಣಿನ ದಿಬ್ಬ ಎತ್ತಿದರು. ಆಮೇಲೆ ಗವಿ. ಅಷ್ಟರಲ್ಲಿ ಅಂತಿಗೊನೆ ನೇಣು ಹಾಕಿಕೊಂಡಿದ್ದಾಳೆ. ಹೇಮನ್ ಅಪ್ಪನ ಮೇಲೆ ಕತ್ತಿ ಎತ್ತಿ ಗುರಿ ತಪ್ಪಿ, ಅದೇ ಕತ್ತಿಯಿಂದ ತನ್ನನ್ನು ಕೊಂದುಕೊಳ್ಳುತ್ತಾನೆ. ಮಗನ ಸುದ್ದಿ ಕೇಳಿದ ತಾಯಿ ಯುರಿಡಿಕೆ ಒಂದು ಮಾತೂ ಆಡದೆ ಒಳಗೆ ಹೋಗಿ ಸಾಯುತ್ತಾಳೆ. ಎರಡು ಭಾಗಗಳನ್ನೂ ಅಕ್ಕಪಕ್ಕ ಇಟ್ಟು ಓದಿಸಿ, ಏನು ವ್ಯತ್ಯಾಸ ಅಂತ ಮಾತ್ರ ಕೇಳಿ. ಅವನು ಯಾಕೆ ಮೊದಲು ಹೆಣದ ಕಡೆ ಹೋದ? ದೇವರ ಭಯವಾ? ಸೊಸೆಯ ಮುಖ ನೋಡುವ ಧೈರ್ಯ ಇರಲಿಲ್ಲವಾ? ತಿದ್ದಿಕೊಳ್ಳಲು ಹೊರಟವನೇ ತಡ ಮಾಡಿದ ಅನ್ನುವುದು ಮಕ್ಕಳಿಗೆ ತಾವಾಗಿಯೇ ಹೊಳೆದಾಗ ಕ್ಲಾಸಿನಲ್ಲಿ ಕ್ರೆಯಾನ್‌ನನ್ನು ಬೈಯುವವರು ಯಾರೂ ಇರುವುದಿಲ್ಲ.

ಲಂಕೇಶರ ಅನುವಾದ ಕೈಗೆ ಸಿಕ್ಕರೆ ಅದನ್ನೇ ಗಟ್ಟಿಯಾಗಿ ಓದಿಸಿ, ಕಥಾಸಾರ ಬೇಡ. ಇನ್ನು ಪರೀಕ್ಷೆಗೆ ಬರುವ ಹಳೇ ಪ್ರಶ್ನೆ, ಈ ನಾಟಕದ ದುರಂತ ಯಾರದು? ಅಂತಿಗೊನೆ ಮೂರರಲ್ಲಿ ಎರಡು ಪಾಲು ಮುಗಿದ ಮೇಲೆ ರಂಗದಿಂದ ಹೋದವಳು ಮತ್ತೆ ಬರುವುದಿಲ್ಲ, ಕ್ರೆಯಾನ್ ಕೊನೆಯ ದೃಶ್ಯದಲ್ಲೂ ಇರುತ್ತಾನೆ. ಇದನ್ನು ಹೇಳಿ, ಯಾರ ಪಕ್ಷ ಬೇಕಾದರೂ ಹಿಡಿಯಲು ಬಿಡಿ. ಒಂದೇ ಷರತ್ತು: ಪ್ರತಿ ಮಾತಿಗೂ ನಾಟಕದ ಒಂದು ಸಾಲು ತೋರಿಸಬೇಕು.